ಉಲ್ಲೇಖ ಸಿಗದ ಅರ್ಜಿ

"ರೀ, ಮೂರು ಗಂಟೆ ಆಯ್ತು. ನಾಲ್ಕಕ್ಕೆ ನಾನು ಅಲ್ಲಿರಬೇಕು. ನೀವಿನ್ನೂ 'ಮಾನ್ಯರೇ' ದಾಟಿಲ್ವಲ್ಲ!"

"ಅದನ್ನ ದಾಟೋದು ಅಂದ್ರೆ ತುಂಬಿದ ಹೊಳೆ ದಾಟಿದ ಹಾಗೆ ಕಣೇ. ಹೆಜ್ಜೆ ತಪ್ಪಿದ್ರೆ ಅರ್ಜಿಯೇ ಕೊಚ್ಚಿಹೋಗುತ್ತೆ."

ಪುರಸಭೆಯ ಕಡತಗಳ ಕೋಣೆಯಲ್ಲಿ ಒಂದು ಕೆಲಸ ಖಾಲಿ ಇತ್ತು. ಹಳೆಯ ದಾಖಲೆ ಕೇಳಿ ಜನ ಬರೆಯುವ ಅರ್ಜಿಗಳನ್ನು ಓದಿ, ಅವರಿಗೆ ಬೇಕಾದದ್ದನ್ನು ಹುಡುಕಿಕೊಡುವ ಕೆಲಸ. ಇಪ್ಪತ್ತಾರು ವರ್ಷ ಮನೆ ನೋಡಿಕೊಂಡ ನನ್ನ ಹೆಂಡತಿ ಮೊದಲ ಬಾರಿಗೆ ತನಗಾಗಿ ಬಯಸಿದ್ದು ಇದೊಂದನ್ನೇ. ಅರ್ಜಿ ತಂದವರಿಗೆ ಇಂದೇ ಸಂದರ್ಶನ. ಬರೆಯುವ ಭಾರ ಮಾತ್ರ ನನ್ನದು. ಮೂವತ್ತು ವರ್ಷ ಕಚೇರಿಯ ಪತ್ರ ವಿಭಾಗದಲ್ಲಿ ಕಾಗದಗಳ ಸೈನ್ಯವನ್ನೇ ಎದುರಿಸಿ, ಒಂದಕ್ಕೂ ಅರ್ಥವಾಗುವ ಉತ್ತರ ಕೊಡದೆ ನಿವೃತ್ತನಾದ ವೀರ ನಾನು.

"ಬೆಳಿಗ್ಗೆ ನಾನೇ ಬರೆದಿದ್ದೆನಲ್ಲ, ಮೂರು ಸಾಲು?"

"'ನನಗೆ ಈ ಕೆಲಸ ಬೇಕು. ಓದೋಕೆ ಬರುತ್ತೆ. ಹುಡುಕೋಕೂ ಬರುತ್ತೆ.' ಅದು ಅರ್ಜಿಯಾ? ಹಾಲಿನವನಿಗೆ ಬರೆದ ಚೀಟಿ!"

"ಎಲ್ಲಿಟ್ರಿ ಅದನ್ನ?"

"ಮೇಜಿನ ಕುಂಟು ಕಾಲಿನ ಕೆಳಗೆ. ಈಗ ನೋಡು, ಅಲುಗಾಡಲ್ಲ. ಅಕ್ಷರ ಎಷ್ಟು ಗುಂಡಗೆ ಬರ್ತಿದೆ!"

"ಬಂದಿರೋದು ಮೂರೇ ಅಕ್ಷರ. ಮುಂದಕ್ಕೆ ಏನ್ರೀ ಅಡ್ಡಿ?"

"ಉಲ್ಲೇಖ. 'ವಿಷಯ' ಆದಮೇಲೆ 'ಉಲ್ಲೇಖ' ಬರಬೇಕು, ಹಿಂದಿನ ಪತ್ರದ ಸಂಖ್ಯೆ. ಅದಿಲ್ಲದ ಕಾಗದ ಹೆತ್ತವರಿಲ್ಲದ ಕೂಸು."

"ಮೊದಲನೇ ಸಲ ಕೆಲಸ ಕೇಳೋರಿಗೆ ಹಿಂದಿನ ಪತ್ರ ಎಲ್ಲಿಂದ ಬರುತ್ತೆ?"

ನಾನು ಎದೆಯುಬ್ಬಿಸಿದೆ.

"ಅದಕ್ಕೇ ಹೋದ ತಿಂಗಳೇ ಒಂದು ಹಾಕಿದ್ದೆ. 'ನನ್ನ ಪತ್ನಿಯು ಮುಂದೆ ತಮಗೊಂದು ಅರ್ಜಿ ಸಲ್ಲಿಸಲು ಉದ್ದೇಶಿಸಿರುತ್ತಾಳೆ' ಅಂತ. ನಾಲ್ಕೇ ಪುಟ."

"ಕಾಗದ ಬರೀತೀವಿ ಅಂತ ಹೇಳೋಕೆ ಒಂದು ಕಾಗದ! ದೇವರೇ!"

"ಉತ್ತರಾನೂ ಬಂತು! ಅದರ ಸಂಖ್ಯೆಯೇ ನಮ್ಮ ಉಲ್ಲೇಖ. ಜೋಪಾನವಾಗಿ ಎಲ್ಲೋ ಇಟ್ಟೆ. ಎಷ್ಟು ಜೋಪಾನ ಅಂದ್ರೆ, ಊಟ ಆದಾಗಿಂದ ಹುಡುಕ್ತಾ ಇದೀನಿ."

ಅವಳು ಬೀರು ತೆರೆದು, ನನ್ನ ಸನ್ಮಾನದ ಶಾಲಿನ ಮಡಿಕೆಯೊಳಗೆ ಕೈಹಾಕಿ, ಅರ್ಧ ನಿಮಿಷದಲ್ಲಿ ಲಕೋಟೆ ಹೊರಗೆಳೆದಳು.

"ಇದನ್ನ ಒಡೆದೇ ಇಲ್ವಲ್ರೀ!"

"ಒಡೆಯೋದು ಯಾಕೆ? ಸಂಖ್ಯೆ ಹೊರಗಡೆನೇ ಇದೆ."

ಅವಳು ಒಡೆದು ಓದಿದಳು:

"'ತಮ್ಮ ಪತ್ರ ತಲುಪಿದೆ. ನಾಲ್ಕು ಪುಟಗಳಲ್ಲಿ ನಮಗೆ ಅರ್ಥವಾದದ್ದು ತಮ್ಮ ಪತ್ನಿಯ ಹೆಸರು ಮಾತ್ರ. ಹತ್ತನೇ ತಾರೀಖಿನ ಸಂದರ್ಶನಕ್ಕೆ ಅವರು ಬರಿಗೈಯಲ್ಲಿ ಬರಲಿ. ಅರ್ಜಿ ಬೇಡ. ದಯವಿಟ್ಟು ಬೇಡ.'"

"ಎರಡು ಸಲ 'ಬೇಡ' ಅಂದಿದ್ದಾರಾ? ಕಚೇರಿ ಪತ್ರದಲ್ಲಿ ಹಾಗೆಲ್ಲ ಬರೀಬಾರದು, ನಾನಾಗಿದ್ರೆ..."

ತಲೆ ಎತ್ತಿ ನೋಡಿದರೆ ಬಾಗಿಲಲ್ಲಿ ಚಪ್ಪಲಿಯೂ ಇಲ್ಲ, ಹೆಂಡತಿಯೂ ಇಲ್ಲ.

ಆರು ಗಂಟೆಗೆ ಬಂದವಳು ಕುರ್ಚಿಗೆ ಕುಸಿದು, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು.

"ಕೆಲಸ ಸಿಕ್ತು ಕಣ್ರೀ."

"ಏನು ಕೇಳಿದ್ರು?"

"ಬಂದಿದ್ದ ಐದೂ ಜನಕ್ಕೆ ಒಂದೇ ಕಾಗದ ಕೊಟ್ರು, ಹೆಸರು, ಸಹಿ ಎಲ್ಲ ಮುಚ್ಚಿ. ಬರೆದವರಿಗೆ ಏನು ಬೇಕು ಅಂತ ಒಂದೇ ಮಾತಲ್ಲಿ ಹೇಳ್ಬೇಕು. ಒಬ್ರು ಜಮೀನಿನ ತಕರಾರು ಅಂದ್ರು. ಇನ್ನೊಬ್ರು ಇದು ಉಯಿಲು ಅಂದ್ರು. ಪಾಪ, ಒಬ್ರು ಎರಡನೇ ಪುಟಕ್ಕೇ ನೀರು ಕೇಳಿದ್ರು."

"ಅಬ್ಬಾ! ಅಂಥದ್ದನ್ನ ಬರೆದ ಪುಣ್ಯಾತ್ಮ ಯಾರೋ?"

"ಗುಂಡಗಿನ 'ಮಾನ್ಯರೇ' ನೋಡಿದ್ದೇ ಮಡಿಸಿಟ್ಟೆ. 'ಈ ಮನುಷ್ಯನಿಗೆ ಹೆಂಡತಿಗೊಂದು ಕೆಲಸ ಬೇಕು' ಅಂದೆ."

ಒಂದು ಕ್ಷಣ ಮುಖ ಎಲ್ಲಿಡುವುದೆಂದು ತಿಳಿಯಲಿಲ್ಲ. ಮರುಕ್ಷಣ ಮೀಸೆ ತಾನಾಗಿಯೇ ಮೇಲಕ್ಕೆ ಎದ್ದಿತು.

"ಹಾಗಾದ್ರೆ ಕೆಲಸ ಕೊಡಿಸಿದ್ದು ನನ್ನ ಪತ್ರವೇ! ಸರಿ, ತಾ ಪೆನ್ನು. ಒಪ್ಪಿಗೆ ಪತ್ರ ಬರೀಬೇಕು."

"ಅಲ್ಲೇ ಬರೆದುಕೊಟ್ಟು ಬಂದೆ. ಒಂದೇ ಸಾಲು."

"ಅಯ್ಯೋ, ಉಲ್ಲೇಖ?"

"ಅದನ್ನ ಮರೀತೀನಾ? ಹಾಕಿದೀನಿ. 'ಉಲ್ಲೇಖ: ನಮ್ಮ ಯಜಮಾನರು, ನಾಲ್ಕು ಪುಟ.'"