ಎದುರು ಹೋಟೆಲಿನ ಚಟ್ನಿ

ರಾಜಾಜಿನಗರದ ಮರಿಯಪ್ಪನ ಹೋಟೆಲಿನಲ್ಲಿ ಅಂದು ಹೊತ್ತೇರಿದರೂ ಇಡ್ಲಿಗಳು ಇಟ್ಟಲ್ಲೇ ತಣ್ಣಗಾಗಿದ್ದವು. ಎದುರಿನ ತಿಮ್ಮಯ್ಯನ ಹೋಟೆಲಿನಲ್ಲೋ, ಜನ ನಿಂತುಕೊಂಡೇ ತಿನ್ನುತ್ತಿದ್ದರು. ಎಲ್ಲಾ ಅಲ್ಲಿನ ಚಟ್ನಿಯ ಮಹಿಮೆ. ಮರಿಯಪ್ಪನ ಚಟ್ನಿ, ಪಾಪ, ತಟ್ಟೆಗೆ ಬಿದ್ದ ಕೂಡಲೇ ಅಂಚಿನ ಕಡೆ ಓಡುತ್ತಿತ್ತು.

"ಯಾಕೆ ಯೋಚ್ನೆ ಮರಿಯಪ್ಪನೋರೇ?" ಎಂದ ಪಂಚಾಕ್ಷರಿ. ಅವನು ಮಿಲ್ಲಿನ ಗುಮಾಸ್ತ. ಒಂದು ಲೋಟ ಕಾಫಿಯಲ್ಲಿ ಇಡೀ ಪೇಪರ್ ಓದಿ ಬೀದಿಗೆಲ್ಲ ಬುದ್ಧಿ ಹೇಳುವವನು. "ದೊಡ್ಡ ದೊಡ್ಡ ಕಂಪನಿಗಳೇ ಜಗಳ ಬಿಟ್ಟು ಒಂದಾಗ್ತಾ ಇವೆ. ನೀವೂ ತಿಮ್ಮಯ್ಯನೋರ ಜೊತೆ ಸೇರ್ಕೊಳ್ಳಿ. ಅವರ ಚಟ್ನಿ ನಿಮ್ಮದೂ ಆಗುತ್ತೆ. ಆದ್ರೆ ಸೇರೋಕ್ ಮುಂಚೆ ಸರಕು ಪರೀಕ್ಷೆ ಮಾಡ್ಬೇಕು. ಹೋಗಿ ಒಂದ್ಸಲ ಚಟ್ನಿ ರುಚಿ ನೋಡ್ಬನ್ನಿ."

"ಅವನ ಬೆಂಚ್ ಮೇಲೆ ಕೂತು ನಾನು ತಿನ್ನೋದಾ? ಮಾನ ಹೋಗುತ್ತೆ ಕಣಪ್ಪ!"

ಪಂಚಾಕ್ಷರಿ ಸಂಧಾನಕ್ಕೆ ತಾನೇ ಎದುರಿಗೆ ಓಡಿದ. ಮಧ್ಯಾಹ್ನದ ಹೊತ್ತಿಗೆ ಹೆಣ್ಣು ನೋಡುವ ಶಾಸ್ತ್ರಕ್ಕೆಂಬಂತೆ ಬೀದಿಯ ಜನರೆಲ್ಲ ತಿಮ್ಮಯ್ಯನ ಹೋಟೆಲಿನಲ್ಲಿ ನೆರೆದರು. ತಿಮ್ಮಯ್ಯ ಮೀಸೆ ತಿರುವಿದ.

"ಸೇರೋಣ. ಆದ್ರೆ ಬೋರ್ಡು ನಂದು, ಗಲ್ಲಾದಲ್ಲಿ ಕೂರೋನೂ ನಾನೇ."

ತನ್ನ ಗಲ್ಲಾದ ಎತ್ತರದ ಕುರ್ಚಿಯೆಂದರೆ ಮರಿಯಪ್ಪನಿಗೆ ಪ್ರಾಣ. ಅದರ ಮೇಲೆ ಕೂತಾಗ ಮಾತ್ರ ಅವನೊಬ್ಬ ಯಜಮಾನ. ಆದರೆ ಕುರ್ಚಿ ಉಳಿಸಿಕೊಂಡರೆ ಹೋಟೆಲೇ ಮುಚ್ಚಬೇಕು. ಕಣ್ಣು ಮುಚ್ಚಿ ಎಲೆ ಅಡಿಕೆ ಬದಲಾಯಿಸಿಕೊಂಡ. ಹತ್ತು ಜನರೆದುರು ವೀಳ್ಯ ಹಿಡಿದ ಮೇಲೆ ಮಾತು ಹಿಂದೆ ತೆಗೆದುಕೊಳ್ಳುವ ಪದ್ಧತಿ ಆ ಕಡೆ ಇರಲಿಲ್ಲ.

"ಈಗ ತಿನ್ನಿ ಪಾಲುದಾರ್ರೇ!" ಎಂದು ತಿಮ್ಮಯ್ಯ ಇಡ್ಲಿ ಚಟ್ನಿ ತಂದಿಟ್ಟ.

ಒಂದು ತುತ್ತು ಬಾಯಿಗಿಟ್ಟ ಮರಿಯಪ್ಪ ಹಾಗೇ ಕುಳಿತುಬಿಟ್ಟ. ಈ ಹುಣಸೆ, ಈ ಇಂಗು, ಈ ಖಾರ! ಮದುವೆಯಾದ ಹೊಸದರಲ್ಲಿ ದಿನವೂ ಉಂಡ ರುಚಿ.

"ತಿಮ್ಮಯ್ಯ, ಇದನ್ನ ರುಬ್ಬೋರು ಯಾರು?"

"ನಿಮ್ಮ ಮನೆಯವ್ರೇ ಅಲ್ವಾ! ದಿನಾ ನೀವು ಒಲೆ ಹಚ್ಚೋಕೆ ಹೋದ್ಮೇಲೆ ನಮ್ಮ ಹಿತ್ತಿಲ ಬಾಗ್ಲಿಗೆ ತಂದ್ಕೊಡ್ತಾರೆ. ನಿಮಗೆ ಗೊತ್ತಿದೆ ಅಂದ್ಕೊಂಡಿದ್ದೆ!"

ಮರಿಯಪ್ಪ ಒಂದೇ ಉಸಿರಿಗೆ ಮನೆಗೆ ಓಡಿದ. ಹೆಂಡತಿ ಬೋರಮ್ಮ ಅಲುಗಲಿಲ್ಲ.

"ಮೊದ್ಲು ನಿಮ್ಮ ಹೋಟ್ಲಿಗೇ ಅಂತ ರುಬ್ಬಿ ತಂದಿದ್ನಲ್ಲ. 'ಹೆಂಗಸ್ರಿಗೆ ಹೋಟ್ಲು ವಿಷ್ಯ ಏನು ಗೊತ್ತು' ಅಂತ ವಾಪಸ್ ಕಳಿಸಿದ್ರಿ. ಅವತ್ತಿಂದ ಎದುರಿನವ್ರಿಗೆ ಕೊಟ್ಟೆ, ನಿಮ್ಮ ಊಟಕ್ಕೂ ರುಬ್ಬಲ್ಲ ಅಂತ ಹಟ ಹಿಡಿದೆ. ನೀವು ಅದನ್ನೂ ಗಮನಿಸ್ಲಿಲ್ಲ."

ಮನೆಯ ಚಟ್ನಿಗೇ ತನ್ನ ಕುರ್ಚಿ ಕೊಟ್ಟು ಬಂದಿದ್ದ ಮರಿಯಪ್ಪನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಕೊನೆಗೆ ನಕ್ಕೇಬಿಟ್ಟ. ಎಷ್ಟು ದಿನವಾಗಿತ್ತು ಆ ರುಚಿ ಕಂಡು!

"ನಗೋದು ಸಾಕು. ಈಗ ಹೋಟ್ಲು ದೊಡ್ಡದಾಯ್ತು, ಅಷ್ಟೂ ಚಟ್ನಿ ಒಬ್ಬಳೇ ರುಬ್ಬಕ್ಕಾಗಲ್ಲ. ಹೇಗೂ ಕೂರೋಕೆ ಕುರ್ಚಿ ಇಲ್ವಲ್ಲ, ಬನ್ನಿ," ಎಂದು ಬೋರಮ್ಮ ಒರಳಿನ ಮುಂದೆ ಮಣೆ ಹಾಕಿದಳು.

ಸಂಜೆ ಅತ್ತ ತಿಮ್ಮಯ್ಯ ಎರಡು ಹೋಟೆಲಿಗೂ ಯಜಮಾನನಾಗಿ ಗಲ್ಲಾದಲ್ಲಿ ಮೆರೆಯುತ್ತಿದ್ದ. ಇತ್ತ ಮರಿಯಪ್ಪ ಬೆವರು ಸುರಿಸುತ್ತ ಗುಂಡು ತಿರುಗಿಸಿ, ಬೆರಳು ಚೀಪಿ, ತೃಪ್ತಿಯಿಂದ ತಲೆಯಾಡಿಸಿದ.

ಬೋರಮ್ಮ ಒಂದು ಚೂರು ನೆಕ್ಕಿ ನೋಡಿದಳು. "ಇನ್ನೂ ತರಿತರಿ ಇದೆ. ರುಬ್ಬಿ."