ಚಿಗುರಿದ ಗೋಲುಕಂಬ

ನಮ್ಮ ಮೂಡಿಗೆರೆ ಕಡೆ ಎಸ್ಟೇಟಿನ ಸಾಹುಕಾರರಿಗೆ ಆಗಾಗ ಏನಾದರೊಂದು ಹೊಳೆಯುತ್ತದೆ. ಅದನ್ನು ಮಾಡಿ ಮುಗಿಸಬೇಕಾದವರು ಮಾತ್ರ ಬೇರೆಯವರು. ಹೀಗಾಗಿ ಇಲ್ಲಿ ನಗುವುದಕ್ಕೆ ಕೊರತೆಯಾದದ್ದಿಲ್ಲ.

೧. ಕ್ಲಬ್ಬು

ಪಕ್ಕದ ಎಸ್ಟೇಟಿನ ಸಾಹುಕಾರರು ಆಸ್ಟ್ರೇಲಿಯಾ ನೋಡಿ ಬಂದರು. ಬರುವಾಗ ಪಪ್ಪಾಯಿಯಂಥ ಚೆಂಡೊಂದನ್ನು ತಂದು, ಅಲ್ಲಿನ ಫುಟ್‌ಬಾಲಿಗೆ ಇಲ್ಲೊಂದು ಯುವ ಕ್ಲಬ್ ಕಟ್ಟಿ, ವೃತ್ತಿಪರ ತಂಡಗಳಿಗೆ ಆಟಗಾರರನ್ನು ಇಲ್ಲಿಂದಲೇ ಕಳಿಸುವುದಾಗಿ ಸಾರಿದರು. ಎಂ.ಎ. ಓದಿಯೂ ಊರಲ್ಲೇ ಉಳಿದವನು ನಾನೊಬ್ಬನೇ, ಆದ್ದರಿಂದ ಕಾರ್ಯದರ್ಶಿಯಾದೆ. ಆಟಗಾರರು ಕೆಲಸಗಾರರ ಮಕ್ಕಳು. ಚೆಂಡು ಸಾಹುಕಾರರದ್ದು, ಹಾಗಾಗಿ ಕ್ಯಾಪ್ಟನ್ ಅವರ ಮಗ.

ಮೈದಾನ ಇಳಿಜಾರಾಗಿತ್ತು. ಕ್ಯಾಪ್ಟನ್ ಸದಾ ಇಳಿಜಾರಿನ ಕಡೆಗೇ ಆಡುತ್ತಿದ್ದ. ಅರ್ಧ ಆಟಕ್ಕೆ ದಿಕ್ಕು ಬದಲಿಸುವ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದು ಅವನಿಗೆ ಜ್ವರ ಬಂದ ದಿನ.

೨. ಕಂಬ

ಈ ಆಟಕ್ಕೆ ಒಂದೊಂದು ತುದಿಗೆ ನಾಲ್ಕು ಕಂಬ. ನಡುವಿನ ಎರಡರ ಮಧ್ಯೆ ಚೆಂಡು ಹೋದರೆ ಆರು ಅಂಕ. ಅಕ್ಕಪಕ್ಕ ಹೋದರೆ, ನಡುಗಂಬಕ್ಕೆ ತಾಗಿದರೆ, ಒಂದೇ. ಎಂಟು ಕಂಬ ನೆಡಲು ತೋಟದ ಆಳುಗಳ ಮೇಸ್ತ್ರಿಗೆ ಹೇಳಿದೆವು. ಜೂನ್ ತಿಂಗಳು. ಆ ತಿಂಗಳಲ್ಲಿ ಮೇಸ್ತ್ರಿ ನೆಡುವುದು ಹಾಲುವಾಣದ ಗೂಟ, ಕಾಫಿಗೆ ನೆರಳಾಗಲಿ ಅಂತ. ಅದನ್ನೇ ನೆಟ್ಟ. ಮಳೆ ಬಿಡುವಷ್ಟರಲ್ಲಿ ಎಂಟೂ ಚಿಗುರಿದವು.

"ನೆಟ್ಟದ್ದು ಒಣಗಿದ್ರೆ ಬೈರಿ ಸಾರ್. ಚಿಗುರಿದ್ದಕ್ಕೆ ಬೈಸ್ಕೊಂಡಿಲ್ಲ ನಾನು ಇಲ್ಲೀವರೆಗೆ" ಎಂದ ಮೇಸ್ತ್ರಿ.

ಮರ ಖಾಲಿ ನಿಂತಿದೆಯಲ್ಲ ಎಂದು ಮುಂದಿನ ಮಳೆಗೆ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಬುಡಕ್ಕೆ ಮೆಣಸಿನ ಬಳ್ಳಿ ನೆಟ್ಟು ಹಬ್ಬಿಸಿದ. ಕಡಿಸೋಣ ಎಂದು ನಾನು ಹೋದರೆ ಸಾಹುಕಾರರು ಬಳ್ಳಿ ಸವರುತ್ತಾ, ಆಟ ಇವತ್ತಿರುತ್ತದೆ ನಾಳೆ ಇರುವುದಿಲ್ಲ ಎಂದರು.

೩. ಭುಜ

ಕ್ಲಬ್ಬಿನಲ್ಲಿ ನಿಜವಾಗಿ ಆಡಲು ಬರುತ್ತಿದ್ದದ್ದು ಒಬ್ಬಳಿಗೇ, ಮೇಸ್ತ್ರಿಯ ಮಗಳಿಗೆ. ಏಣಿ ಹತ್ತಿ ಮೆಣಸು ಕುಯ್ದು ಬೆಳೆದವಳು, ಎತ್ತರವೆಂದರೆ ಅವಳಿಗೆ ಲೆಕ್ಕಕ್ಕೇ ಇಲ್ಲ. ಎದುರಾಳಿಯ ಭುಜ ಮೆಟ್ಟಿ ಹಾರಿ ಚೆಂಡು ಹಿಡಿಯಬಹುದೆಂದು ನಾನು ನಿಯಮ ಓದಿ ಹೇಳಿದೆ. ಅವಳು ಕ್ಯಾಪ್ಟನ್ನಿನ ಭುಜ ಮೆಟ್ಟಿ ಹಾರಿದಳು.

ಸಂಜೆಯೇ ಸಾಹುಕಾರರ ಮನೆಯವರು ನನ್ನನ್ನು ಕರೆಸಿ, ಮೇಸ್ತ್ರಿ ಮಗಳ ಕಾಲು ತಮ್ಮ ಮಗನ ಹೆಗಲ ಮೇಲೆ ಯಾವ ಪುಸ್ತಕದಲ್ಲಿದೆ ಎಂದು ಕೇಳಿದರು. ತೋರಿಸಿದೆ. ಮರುದಿನ ಕ್ಲಬ್ಬಿಗೆ ಹೊಸ ನಿಯಮ ಬಂತು: ಹೊರಗಿನ ತಂಡದವರ ಭುಜ ಮಾತ್ರ ಮೆಟ್ಟತಕ್ಕದ್ದು. ಈ ಆಟ ಆಡುವ ಇನ್ನೊಂದು ತಂಡ ಜಿಲ್ಲೆಯಲ್ಲಿರಲಿಲ್ಲ.

೪. ಆಯ್ಕೆ

ನಾಲ್ಕನೇ ವರ್ಷ, ಡಿಸೆಂಬರಿನಲ್ಲಿ, ಮೆಲ್ಬರ್ನಿನಿಂದ ಆಯ್ಕೆಗಾರ ಬಂದ. ಹುಡುಗನೋ ಹುಡುಗಿಯೋ, ಒಬ್ಬರಿಗೆ ಅಲ್ಲಿ ಮೂರು ತಿಂಗಳ ತರಬೇತಿ. ಎರಡು ದಿನ ಓಡಿಸಿ ಎಲ್ಲರನ್ನೂ ಕೈಬಿಟ್ಟು, ಮೇಸ್ತ್ರಿಯ ಮಗಳನ್ನೂ ಸಾಹುಕಾರರ ಊಟದ ಋಣಕ್ಕೆ ಕ್ಯಾಪ್ಟನ್ನನ್ನೂ ಉಳಿಸಿಕೊಂಡ. ತಲಾ ಒಂದು ಒದೆತ. ಸಮವಾದರೆ ಕ್ಯಾಪ್ಟನ್‌ಗೆ ಎಂದು ಸಾಹುಕಾರರು ಮೊದಲೇ ಒಪ್ಪಿಸಿದ್ದರು.

ಕ್ಯಾಪ್ಟನ್ ಒದ್ದದ್ದು ಪಕ್ಕಕ್ಕೆ ಹೋಯಿತು. ಒಂದು ಅಂಕ. ಅವಳು ಒದ್ದದ್ದು ನಡುಗಂಬದ ಬಳ್ಳಿಯೊಳಗೆ ಹೊಕ್ಕು ಅಲ್ಲೇ ಕೂತಿತು. ಮೇಸ್ತ್ರಿ ತಾನು ನೆಟ್ಟದ್ದನ್ನು ನೋಡಿದ. ಮಗಳ ಮುಖ ನೋಡಲಿಲ್ಲ.

ಆಯ್ಕೆಗಾರ ಇಂಗ್ಲಿಷಿನಲ್ಲಿ ಕೇಳಿದ್ದನ್ನು ನಾನು ಸಾಹುಕಾರರಿಗೆ ತಿಳಿಸಿದೆ: ಇದು ಕಂಬವೋ ಮರವೋ? ಕಂಬವಾದರೆ ಅವಳಿಗೂ ಒಂದೇ ಅಂಕ, ನಿಮ್ಮ ಮಗ ಹೊರಡಬಹುದು. ಆದರೆ ಕಂಬದ ಮೇಲೆ ಬಳ್ಳಿ ಇರಕೂಡದು, ಎಂಟನ್ನೂ ಈಗಲೇ ಬೋಳಿಸಬೇಕು. ಮರವಾದರೆ ಅವಳು ಮತ್ತೆ ಒದೆಯಲಿ.

ಸಾಹುಕಾರರು ಮಗನನ್ನು ನೋಡಿದರು. ಆಮೇಲೆ ಬಳ್ಳಿಯನ್ನು ನೋಡಿದರು. ಮೆಣಸಿನ ಗೊಂಚಲಿನ ಗೆರೆಗೆರೆಯೂ ಕಾಳು ತುಂಬಿ ಜೋತಿತ್ತು. ಮಗನ ಬಗ್ಗೆ ಹಾಗೆ ಹೇಳುವಂತಿರಲಿಲ್ಲ.

"ಮರ" ಎಂದರು.

ಅವಳು ಮತ್ತೆ ಒದ್ದಳು. ಆರು ಅಂಕ.

ಫೆಬ್ರವರಿಯಲ್ಲಿ ಮೈದಾನದ ಮೆಣಸು ಕುಯ್ಯಲು ಜನ ಸಾಲಲಿಲ್ಲ. ಎಲ್ಲರಿಗಿಂತ ಚುರುಕಾಗಿ ಕುಯ್ಯುತ್ತಿದ್ದವಳು ಮೆಲ್ಬರ್ನಿನಲ್ಲಿದ್ದಳು. ಮೇಸ್ತ್ರಿ ಏಣಿ ಹಿಡಿದುಕೊಂಡ. ಹತ್ತಿದ್ದು ಕ್ಯಾಪ್ಟನ್.