ಹಸಿರು ಚೀಲದ ಹಿಂದೆ ಮೂರು ಪಡೆಗಳು

ಟಿಣ್, ಟಿಣ್, ಟಿಣ್. ಬೆಳಿಗ್ಗೆ ಹನ್ನೊಂದಾದರೆ ತರಬೇತಿ ಕೊಠಡಿಯ ಮೂರು ಮೂಲೆಗಳಿಂದ ಚಹಾ ಕಪ್ಪಿಗೆ ಚಮಚ ತಾಗುವ ಸದ್ದು ಕೇಳುತ್ತಿತ್ತು. ಭೂಸೇನೆಯ ಚಮಚಗಳು ಕಿಟಕಿಯ ಪಕ್ಕ, ನೌಕಾಪಡೆಯವು ಬಾಗಿಲ ಬಳಿ, ವಾಯುಪಡೆಯವು ಫ್ಯಾನಿನ ಕೆಳಗೆ. ನಡುವಿನ ದೊಡ್ಡ ದುಂಡುಮೇಜು ಮಾತ್ರ ಖಾಲಿ. ಮೂರೂ ಪಡೆಯವರು ಒಟ್ಟಿಗೆ ಕೂರಲಿ ಎಂದು ಮೇಲಿನವರಿಗೆ ಕಾಗದದ ಮೇಲೆ ಕಾಗದ ಬರೆದು ಆ ಮೇಜನ್ನು ತರಿಸಿದ್ದವರು ಕರ್ನಲ್ ರಘುರಾಮ. ಅವರು ತಮ್ಮ ಕೋಣೆಯಲ್ಲಿ ಕೂತು ಆ ಮೂರು ಸದ್ದುಗಳನ್ನು ಕೇಳಿ ನಿಟ್ಟುಸಿರು ಬಿಡುತ್ತಿದ್ದರು.

ಮೂರೂ ಪಡೆಗಳ ಕಿರಿಯ ಅಧಿಕಾರಿಗಳಿಗೆ ಗುಪ್ತಚರ ತರಬೇತಿ ಏರ್ಪಡಿಸಿ, ಅದು ಸರಿಯಾಗಿ ನಡೆಯುವಂತೆ ನೋಡಿಕೊಳ್ಳುವುದು ಅವರ ಕೆಲಸ. ಚೆನ್ನೈಯ ಒಂದು ಮೂಲೆಯಲ್ಲಿ, ಫಲಕವಿಲ್ಲದ ಹಳದಿ ಕಟ್ಟಡದಲ್ಲಿ ಅದು ಪರಮ ರಹಸ್ಯವಾಗಿ ನಡೆಯುತ್ತಿತ್ತು. (ಆಟೋದವರು ಮಾತ್ರ "ಸಿಐಡಿ ಸ್ಕೂಲ್ ತಾನೇ ಸಾರ್?" ಎಂದು ನೇರವಾಗಿ ಗೇಟಿಗೇ ತಂದು ನಿಲ್ಲಿಸುತ್ತಿದ್ದರು.) ಹಿಂಬಾಲಿಸುವುದು, ಕದ್ದು ಕೇಳುವುದು, ಕಂಡದ್ದನ್ನು ನೆನಪಿಟ್ಟು ಬರೆಯುವುದು, ಇವೆಲ್ಲ ಹುಡುಗರಿಗೆ ಬೇಗ ಬರುತ್ತಿತ್ತು. ಬಾರದಿದ್ದದ್ದು ಒಂದೇ. ತನಗೆ ಗೊತ್ತಾದದ್ದನ್ನು ಪಕ್ಕದ ಪಡೆಯವನಿಗೆ ಹೇಳುವುದು. ರಘುರಾಮರ ಕೈಕೆಳಗೆ ಐದು ತಂಡಗಳು ಕಲಿತು ಹೋಗಿದ್ದವು. ಐದೂ ತಂಡಗಳು ಕೊನೆಯ ಅಭ್ಯಾಸಕ್ಕೆ ಒಂದೊಂದು ವರದಿಯ ಬದಲು ಮೂರು ಮೂರು ವರದಿ ಒಪ್ಪಿಸಿದ್ದವು.

ಇದು ಆರನೆಯ ತಂಡ. ಇಸವಿ ಎರಡು ಸಾವಿರದ ಮೂರು. ರಘುರಾಮರ ನಿವೃತ್ತಿಗೆ ಉಳಿದದ್ದು ನಲವತ್ತು ದಿನ.

ಆ ನಲವತ್ತನ್ನು ಅವರು ಯಾರ ಮುಂದೆಯೂ ಎತ್ತುತ್ತಿರಲಿಲ್ಲ. ಬೆಳಿಗ್ಗೆ ಎದ್ದು ಗೋಡೆಯ ಕ್ಯಾಲೆಂಡರಿನ ಮುಂದೆ ಒಂದು ನಿಮಿಷ ನಿಲ್ಲುತ್ತಿದ್ದರು, ಅಷ್ಟೇ. ಮೂವತ್ತೆರಡು ವರ್ಷ ಯಾರಾದರೊಬ್ಬರು ಅವರಿಗೆ ಜೀಪಿನ ಬಾಗಿಲು ತೆರೆದಿದ್ದರು, ಗಂಟೆ ಒತ್ತಿದರೆ ಓಡಿ ಬಂದಿದ್ದರು. ನಲವತ್ತೊಂದನೆಯ ದಿನ ತಾನು ಯಾರಿಗೆ ಬೇಕು?

ಹೋದ ವಾರ ಇದಕ್ಕೊಂದು ಉತ್ತರ ತಾನಾಗಿ ಬಂದಿತ್ತು. ಬೆಸೆಂಟ್ ನಗರದ ಕನ್ನಡ ಗ್ರಂಥಾಲಯದ ಕಾರ್ಯದರ್ಶಿ ಹರಿದಾಸರು ಫೋನ್ ಮಾಡಿ, "ಕರ್ನಲ್ರೇ, ನಿವೃತ್ತಿಯಾದ ಮೇಲೆ ನಮ್ಮ ಗ್ರಂಥಾಲಯದ ಮೇಲ್ವಿಚಾರಣೆ ನೀವೇ ವಹಿಸಬೇಕು. ನೀವಿಲ್ಲದೆ ಆಗುವುದೇ ಇಲ್ಲ" ಎಂದಿದ್ದರು. ಆ ದಿನ ಊಟಕ್ಕೆ ಕೂತಾಗ ರಘುರಾಮರ ಎದೆ ಎರಡಂಗುಲ ಮುಂದೆ ಬಂದಿತ್ತು.

"ನೋಡಿದೆಯಾ ಗುಣ? ನಾಲ್ಕು ಸಲ ಹೇಳಿದರು, ನಾನಿಲ್ಲದೆ ಆಗುವುದೇ ಇಲ್ಲವಂತೆ."

"ಹೌದಾ? ಅಷ್ಟು ದೂರಕ್ಕೆ ಹೋಗಿದ್ಯಾ ನಿಮ್ಮ ಹೆಸ್ರು?" ಎಂದಳು ಅವರ ಹೆಂಡತಿ ಗುಣವತಿ.

"ಗುಪ್ತಚರದವನ ಹೆಸರು ಹೋಗಲೇಬಾರದು. ಆದರೂ ಹೋಗಿದೆ ಎಂದರೆ ನೀನೇ ಯೋಚಿಸು."

"ಯೋಚಿಸ್ತೇನೆ. ಈಗ ಸಾರು ಹಾಕ್ಲಾ?"

"ಯಾವ ಸಾರು?"

"ಅದು ನಿಮಗೆ ತಿಳಿಯುವ ಅಗತ್ಯ ಇಲ್ಲ. ಉಣ್ಣಿ ಮಾರಾಯ್ರೆ."

ಈ ಕೊನೆಯ ಮಾತು ರಘುರಾಮರೇ ಮನೆಗೆ ತಂದ ಕಾಯಿದೆ. ಯಾರಿಗೆ ಎಷ್ಟು ತಿಳಿಯಬೇಕೋ ಅಷ್ಟೇ ತಿಳಿಯಬೇಕು. ಮದುವೆಯಾದ ಹೊಸದರಲ್ಲಿ "ಆಫೀಸಿನಲ್ಲಿ ಎಂತ ಮಾಡ್ತೀರಿ?" ಎಂದು ಕೇಳಿದ ಗುಣವತಿಗೆ ಇದನ್ನು ಗಂಭೀರವಾಗಿ ತಿಳಿಸಿದ್ದರು. ಆಮೇಲೆ ಅವಳು ಕೇಳಲಿಲ್ಲ. ಪುರಸೈವಾಕ್ಕಂನಲ್ಲಿ ಹೋಟೆಲು ನಡೆಸುತ್ತಿದ್ದ ಉಡುಪಿ ಕಡೆಯ ಕಾಂತಪ್ಪನವರ ಮಗಳು ಅವಳು. ಬಾಗಿಲಿಂದ ಒಳಗೆ ಬಂದವನ ನಡಿಗೆ ನೋಡಿಯೇ ಇವನಿಗೆ ಇಡ್ಲಿಯೋ ಬರೀ ಕಾಫಿಯೋ ಎಂದು ಹೇಳುತ್ತಿದ್ದಳಂತೆ. ಅಂಥವಳಿಗೆ ಕೇಳಿ ತಿಳಿಯುವ ಅಗತ್ಯವೂ ಇರಲಿಲ್ಲ.

ಕೊನೆಯ ಅಭ್ಯಾಸಕ್ಕೆ ರಘುರಾಮರು ಅದ್ಭುತವಾದ ಯೋಜನೆ ಹಾಕಿದರು. ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಪುರಸೈವಾಕ್ಕಂ ಬಸ್ ಸ್ಟಾಪಿನಲ್ಲಿ ಒಂದು 'ಗುರಿ' ಕಾಣಿಸಿಕೊಳ್ಳುತ್ತದೆ. ಪಡೆಗೊಬ್ಬರಂತೆ, ಮಧ್ಯಾಹ್ನದವರೆಗೆ ಭೂಸೇನೆ ಹಿಂಬಾಲಿಸಬೇಕು, ಆಮೇಲೆ ನೌಕಾಪಡೆ, ಸಂಜೆ ವಾಯುಪಡೆ. ಒಬ್ಬರ ಕೈಯಿಂದ ಒಬ್ಬರು ಗುರಿಯನ್ನು ವಹಿಸಿಕೊಂಡು, ಮೂವರೂ ಸೇರಿ ಒಂದೇ ಒಂದು ವರದಿ ಬರೆಯಬೇಕು. ಗುರಿಯಾಗಲು ಹವಾಲ್ದಾರ್ ಭೋಜರಾಜ ಒಪ್ಪಿದ್ದ. ಗದಗಿನ ಕಡೆಯವನು, ಊರು ಸುತ್ತಲು ಸಂಬಳ ಸಿಗುವುದಾದರೆ ಯಾರು ಬೇಡವೆನ್ನುತ್ತಾರೆ?

"ಗುರಿಯ ಗುರುತು, ಸರ್?" ಎಂದು ಕೇಳಿದಳು ವಾಯುಪಡೆಯ ಶಾಲಿನಿ. ದಾವಣಗೆರೆಯ ಹುಡುಗಿ, ತಂಡದಲ್ಲಿ ಕನ್ನಡ ಬಲ್ಲವಳು ಅವಳೊಬ್ಬಳೇ.

"ಹಸಿರು ಬಟ್ಟೆಯ ಚೀಲ. ಅಷ್ಟೇ."

"ಎತ್ತರ, ವಯಸ್ಸು, ಉಡುಪು..."

"ನಿಮಗೆ ತಿಳಿಯುವ ಅಗತ್ಯವಿಲ್ಲ."

ಆ ಚೀಲ ಅಪರೂಪದ್ದು. ಕಾಂತಪ್ಪನವರು ಹೋಟೆಲಿನ ಬೆಳ್ಳಿಹಬ್ಬಕ್ಕೆ ಹೊಲಿಸಿ ಗಿರಾಕಿಗಳಿಗೆ ಹಂಚಿದ್ದು. ಎಲೆಹಸಿರು ಬಟ್ಟೆ, ಮೇಲೆ ಕೆಂಪಕ್ಷರದಲ್ಲಿ 'ಕಾಂತಪ್ಪ ವಿಲಾಸ'. ಹೋಟೆಲು ಮುಚ್ಚಿ ಎಷ್ಟೋ ವರ್ಷವಾಗಿತ್ತು. ಇಂಥ ಚೀಲ ಈ ಊರಿನಲ್ಲಿ ಇನ್ನೊಂದು ಇರಲಾರದು ಎಂದು ರಘುರಾಮರು ಅದನ್ನು ಅಡುಗೆಮನೆಯ ಮೊಳೆಯಿಂದ ಸದ್ದಿಲ್ಲದೆ ತೆಗೆದುಕೊಂಡು ಹೋಗಿದ್ದರು. ಅದರ ಹಿಂದೆಯೇ, ಅದೇ ಮೊಳೆಯಲ್ಲಿ, ಇನ್ನೊಂದು ತೂಗುತ್ತಿತ್ತು. (ಕಂಡದ್ದೆಲ್ಲವನ್ನೂ ಗಮನಿಸುವುದು ಹೇಗೆ ಎಂಬ ಪಾಠವನ್ನು ಅವರು ಐದು ತಂಡಗಳಿಗೆ ಮಾಡಿದ್ದರೆಂಬುದನ್ನು ಇಲ್ಲಿ ನೆನೆಯಬೇಕು.)

ಮಂಗಳವಾರ ಸಂಜೆ ಭೋಜರಾಜ ಬಂದು ಸಲ್ಯೂಟ್ ಹೊಡೆದ.

"ಸರ, ಭಾರೀ ತಯಾರಾಗ್ಯಾರ್ರಿ ಹುಡುಗೂರು! ಹತ್ತಕ್ಕ ಬೇವಿನ ಗಿಡದ ನೆರಳಾಗ ನಿಂತು, ಸಂಜೀಮಟ ಚೀಲಾ ಹಿಡ್ಕೊಂಡು ಊರು ಸುತ್ತಿದ್ನಿರಿ. ಒಬ್ಬಾಂವನೂ ಕಣ್ಣಿಗೆ ಬೀಳ್ಲಿಲ್ರಿ!"

"ಒಬ್ಬರೂ?"

"ಒಬ್ರೂ ಇಲ್ರಿ! ಗಾಳಿ ಇದ್ದಂಗ ಇದ್ರು ಬಿಡ್ರಿ!"

ರಘುರಾಮರ ಕಣ್ಣು ತೇವವಾಯಿತು. ಬೇವಿನ ಮರ ಇರುವುದು ರಸ್ತೆಯ ಆಚೆಬದಿಯ ಸ್ಟಾಪಿನಲ್ಲಿ ಎಂಬುದು ಇಬ್ಬರಿಗೂ ಹೊಳೆಯಲಿಲ್ಲ.

ಬುಧವಾರ ಬೆಳಿಗ್ಗೆ ತರಬೇತಿ ಕೊಠಡಿಗೆ ಹೋದರೆ ಇನ್ನೊಂದು ಸಂತೋಷ ಕಾದಿತ್ತು. ನಡುವಿನ ದುಂಡುಮೇಜಿನ ಮೇಲೆ ಚಹಾ ಕಪ್ಪಿನ ಕಲೆಗಳು, ಒತ್ತೊತ್ತಾಗಿ, ಮೂರು ಉಂಗುರ! ಹಿಂದಿನ ಸಂಜೆ ಮೂವರೂ ಅಲ್ಲಿಯೇ ಕೂತು, ಜಗಳಾಡಿ, ಬರೆದು, ಹರಿದು, ಮತ್ತೆ ಬರೆದಿದ್ದರು. ಒಬ್ಬೊಬ್ಬರ ಕೈಯಲ್ಲಿದ್ದ ಚೂರಿನಿಂದ ತಲೆಬುಡ ತಿಳಿಯದೆ, ಕುತೂಹಲ ತಡೆಯಲಾರದೆ, ಕೊನೆಗೆ ಒಬ್ಬರನ್ನೊಬ್ಬರು ಕೇಳಿಕೊಂಡಿದ್ದರು. ಒಂದೇ ವರದಿ, ಕೆಳಗೆ ಮೂರು ಸಹಿ. ರಘುರಾಮರು ಅದನ್ನು ಒಮ್ಮೆ ಸವರಿ, "ಓದಿ" ಎಂದರು.

ಭೂಸೇನೆಯ ಕ್ಯಾಪ್ಟನ್ ಅನಿಲ್ ಎದ್ದು ನಿಂತ. "ಗುರಿ: ಹೆಂಗಸು. ವಯಸ್ಸು ಸುಮಾರು ಐವತ್ತು. ಹಳದಿ ನೂಲಿನ ಸೀರೆ."

ಹಿಂದಿನ ಸಾಲಿನಲ್ಲಿ ಭೋಜರಾಜ ತನ್ನ ಮೀಸೆ ಮುಟ್ಟಿ ನೋಡಿಕೊಂಡ.

"ಹತ್ತು ಗಂಟೆಗೆ ಹಸಿರು ಚೀಲದೊಂದಿಗೆ ಬಸ್ಸಿಳಿದಳು. ಎಡ ಮೊಣಕಾಲು ನೋವಿರುವಂತಿದೆ, ಮೆಟ್ಟಿಲಿಳಿಯುವಾಗ ಕಂಬಿ ಹಿಡಿಯುತ್ತಾಳೆ. ಬಟ್ಟೆಯಂಗಡಿಯಲ್ಲಿ ಗಂಡಸಿನ ಅಂಗಿ ಕೇಳಿದಳು. ಹಸಿರು, ಖಾಕಿ, ಬೂದು ಬಣ್ಣದವನ್ನೆಲ್ಲ ಬದಿಗೆ ತಳ್ಳಿ, ತಿಳಿಗುಲಾಬಿಯದೊಂದನ್ನು ಕೊಂಡಳು. ಮನೆಯಲ್ಲಿರುವ ಗಂಡಸಿನ ವೇಷ ಬದಲಿಸುವ ಸಂಚಿರಬಹುದು."

ಹಳದಿ ಸೀರೆ, ಹಸಿರು ಚೀಲ. ರಘುರಾಮರ ಕೈ ಕುರ್ಚಿಯ ತೋಳನ್ನು ಹಿಡಿಯಿತು. ಮೊಣಕಾಲು ನೋವೆ? ಯಾವಾಗಿನಿಂದ?

ನೌಕಾಪಡೆಯ ಪ್ರಮೋದ್ ಮುಂದುವರಿಸಿದ. "ಗುರಿ ಮಧ್ಯಾಹ್ನ ಸೌಕಾರ್‌ಪೇಟೆಗೆ ಹೋಗಿ ಹಿತ್ತಾಳೆ ಸಾಮಾನಿನ ಅಂಗಡಿಯಲ್ಲಿ ಮೇಜಿನ ಮೇಲಿಡುವ ಗಂಟೆಗಳನ್ನು ಪರೀಕ್ಷಿಸಿದಳು. ಒಟ್ಟು ಇಪ್ಪತ್ತಮೂರು. ಪ್ರತಿಯೊಂದನ್ನೂ ಬಾರಿಸಿ, ಕಣ್ಣು ಮುಚ್ಚಿ ಕೇಳಿ, ಕೊನೆಗೆ ಒಂದನ್ನು ಆರಿಸಿದಳು. ರಹಸ್ಯ ಸಂಕೇತಕ್ಕೆ ಇರಬಹುದು."

ಕೊನೆಗೆ ಶಾಲಿನಿ. "ಸಂಜೆ ಬೆಸೆಂಟ್ ನಗರದ ಕನ್ನಡ ಗ್ರಂಥಾಲಯ. ನಾನು ಮಕ್ಕಳ ಪುಸ್ತಕದ ಕಪಾಟಿನ ಹಿಂದಿದ್ದೆ. ಗುರಿ ಅಲ್ಲಿಯ ಕಾರ್ಯದರ್ಶಿಗೆ ಹೇಳಿದ ಮಾತನ್ನು ಇದ್ದಂತೆಯೇ ಬರೆದುಕೊಂಡಿದ್ದೇನೆ." ಅವಳು ಕನ್ನಡದಲ್ಲೇ ಓದಿದಳು. "'ನಾನು ಹೇಳಿಕೊಟ್ಟ ಹಾಗೇ ಫೋನಿನಲ್ಲಿ ಹೇಳಿದ್ರಲ್ಲ, ಉಪಕಾರ ಆಯ್ತು. ಅವ್ರು ಖುಷಿಯಲ್ಲಿ ಎರಡು ಸಲ ಅನ್ನ ಹಾಕಿಸ್ಕೊಂಡ್ರು. ದಿನಾ ಬೆಳಿಗ್ಗೆ ಕ್ಯಾಲೆಂಡರ್ ಮುಂದೆ ನಿಲ್ತಾರೆ. ಹೆದರಿಕೆ ಉಂಟು ಅವ್ರಿಗೆ, ಹೇಳುದಿಲ್ಲ. ನಾನು ಕೇಳಿದ್ರೆ ನಾಚಿಕೆ ಪಡ್ತಾರೆ. ಯಾರಿಗೂ ಬೇಡವಾಗಿಬಿಡ್ತೇನೆ ಅಂತ ಒಬ್ರೇ ಕೂತು ಯೋಚಿಸುದು ಬೇಡ. ಇದು ಮಾತ್ರ ಗುಟ್ಟು, ಆಯ್ತಾ?'"

ಶಾಲಿನಿ ಮಾತುಗಳನ್ನು ಇಂಗ್ಲಿಷಿಗೆ ಹೊರಳಿಸಿ ಹೇಳಿದ ಮೇಲೆ ಮೂವರೂ ಒಟ್ಟಿಗೆ ನಿರ್ಣಯ ಓದಿದರು. "ಗುರಿಯ ಗಂಡ ಹೊಗಳಿಕೆಗೆ ಸುಲಭವಾಗಿ ಬಲಿಯಾಗುವ ವ್ಯಕ್ತಿ. ತನ್ನ ಸುತ್ತ ನಡೆಯುವುದು ಅವನಿಗೆ ತಿಳಿಯುವುದಿಲ್ಲ. ಗುರಿ ಮಾತ್ರ ಅಸಾಧಾರಣ ಕೌಶಲವುಳ್ಳವಳು. ಅವಳನ್ನು ಇಲ್ಲಿ ಬೋಧಕಿಯಾಗಿ ನೇಮಿಸುವುದು ಒಳ್ಳೆಯದು."

ಕರ್ನಲ್ ಸಾಹೇಬರು ಬಹಳ ಹೊತ್ತು ಮೇಜಿನ ಮೇಲಿನ ಮೂರು ಉಂಗುರಗಳನ್ನೇ ನೋಡಿದರು. ಆಮೇಲೆ ನೂರಕ್ಕೆ ತೊಂಬತ್ತೆಂಟು ಅಂಕ ಕೊಟ್ಟರು. ಉಳಿದ ಎರಡನ್ನು ಯಾಕೆ ಕಳೆದರೆಂದು ಯಾರೂ ಕೇಳಲಿಲ್ಲ. ಗಂಡನ ವಿಷಯ ಬರೆದದ್ದಕ್ಕೆ ಇರಬೇಕು.

ಆ ದಿನ ಅವರು ನಾಲ್ಕೂವರೆಗೇ ಮನೆಗೆ ಬಂದರು. ಕುರ್ಚಿಯ ಮೇಲೆ ತಿಳಿಗುಲಾಬಿ ಬಣ್ಣದ ಅಂಗಿ ಮಡಿಸಿಟ್ಟಿತ್ತು. ಅವರು ಯೂನಿಫಾರ್ಮ್ ಬಿಚ್ಚಿ ಅದನ್ನು ತೊಟ್ಟುಕೊಂಡರು. ಅಳತೆ ಸರಿಯಾಗಿತ್ತು.

ಗುಣವತಿ ಕಾಫಿ ತಂದಳು. "ನಿನ್ನೆ ಒಂದು ತಮಾಷೆ ಆಯ್ತು ಮಾರಾಯ್ರೆ. ಇಡೀ ದಿನ ನನ್ನ ಹಿಂದೆ ಮೂರು ಜನ!"

ಕಾಫಿ ನೆತ್ತಿಗೇರಿತು. "ಕಂಡೆಯಾ ನೀನು?"

"ಕಾಣದೆ? ಒಬ್ಬ ಮಾಸಿದ ಲುಂಗಿ ಉಟ್ಟಿದ್ದ, ಕೆಳಗೆ ನೋಡಿದ್ರೆ ಬೂಟಿಗೆ ಪಾಲಿಶ್, ಮುಖ ನೋಡ್ಕೊಳ್ಬಹುದು! ಇನ್ನೊಬ್ಬ ಸೌಕಾರ್‌ಪೇಟೆಯ ಆ ಜಂಗುಳಿಯಲ್ಲಿ ಯಾರಿಗೆ ಡಿಕ್ಕಿ ಹೊಡೆದ್ರೂ ನಿಂತು ಸಾರಿ ಹೇಳ್ತಿದ್ದ. ಸೌಕಾರ್‌ಪೇಟೆಯಲ್ಲಿ ಸಾರಿ! ಪಾಪ, ಹುಡುಗಿಗೆ ಮಾತ್ರ ಹಸಿವಾಗಿತ್ತು. ಬೀಚಿನಲ್ಲಿ ಕಡಲೆ ಸುಂಡಲ್ ತೆಗೆಸಿಕೊಟ್ಟೆ. ಅದನ್ನು ಬರೀಲಿಲ್ವಾ ಅವಳು?"

ಬರೆದಿರಲಿಲ್ಲ. ರಘುರಾಮರು ಮನಸ್ಸಿನಲ್ಲೇ ಇನ್ನೆರಡು ಅಂಕ ಕಳೆದರು.

"ನಮ್ಮವರೆಂದು ಹೇಗೆ ಗೊತ್ತಾಯಿತು?"

"ನಿಮ್ಮ ಮಕ್ಕಳಲ್ಲದೆ ಮತ್ಯಾರು? ಈ ಊರಲ್ಲಿ ಐವತ್ತು ವರ್ಷದ ಹೆಂಗಸಿನ ಹಿಂದೆ ಬರುವಷ್ಟು ಪುರುಸೊತ್ತು ಯಾರಿಗುಂಟು? ಮನೆಗೆ ಬಂದು ನೋಡಿದ್ರೆ ಮೊಳೆಯಲ್ಲಿ ಇನ್ನೊಂದು ಚೀಲವೂ ಇಲ್ಲ."

ರಘುರಾಮರು ಲೋಟ ಕೆಳಗಿಟ್ಟರು. "ಹಾಗಾದರೆ ಗ್ರಂಥಾಲಯದಲ್ಲಿ, ಆ ಹುಡುಗಿ ಕಪಾಟಿನ ಹಿಂದೆ ಇದ್ದದ್ದು..."

"ಗೊತ್ತಿತ್ತು. ಕನ್ನಡ ಪುಸ್ತಕ ತುಟಿ ಆಡಿಸಿ ಓದ್ತಿದ್ಲು. ಅದಕ್ಕೇ ಸ್ವಲ್ಪ ದೊಡ್ಡದಾಗಿ ಹೇಳಿದೆ."

"ಗುಟ್ಟು ಎಂದೆಯಲ್ಲ?"

"ಗುಟ್ಟು ಅಂದದ್ದನ್ನೇ ಅಲ್ವಾ ನೀವೆಲ್ಲ ಮೊದಲು ಬರ್ಕೊಳ್ಳುದು?" ಗುಣವತಿ ಸೆರಗಿನ ತುದಿಯಿಂದ ಮೇಜಿನ ಮೇಲೆ ಚೆಲ್ಲಿದ ಕಾಫಿ ಒರೆಸಿದಳು. "ಎದುರಿಗೆ ಕೂತು ಹೇಳ್ಲಿಕ್ಕೆ ನಂಗೆ ಬರುದಿಲ್ಲ, ಕೇಳ್ಲಿಕ್ಕೆ ನಿಮಗೆ ಬರುದಿಲ್ಲ. ಆಫೀಸಿನ ದಾರಿಯಲ್ಲಿ ಬಂದ್ರೆ ನಂಬ್ತೀರಿ ಅಂತ ಅನ್ನಿಸ್ತು."

ರಘುರಾಮರ ಕಣ್ಣು ಅವಳ ಎಡಗಾಲಿನ ಮೇಲೆ ಹೋಯಿತು.

"ಮೊಣಕಾಲು ಯಾವಾಗಿನಿಂದ ನೋವು?"

"ಎರಡು ವರ್ಷ ಆಯ್ತು."

"ನನಗೆ ಹೇಳಲೇ ಇಲ್ಲ."

"ನಿಮಗೆ ತಿಳಿಯುವ..." ಎಂದವಳು ಅವರ ಮುಖ ನೋಡಿ ವಾಕ್ಯ ಮುಗಿಸಲಿಲ್ಲ. "ನಾಳೆ ಡಾಕ್ಟರ ಹತ್ರ ಹೋಗುವ. ನೀವೂ ಬನ್ನಿ."

ರಘುರಾಮರು ತಲೆಯಾಡಿಸಿದರು. ಆದರೆ ಮುಳ್ಳು ಇನ್ನೂ ಒಳಗೇ ಇತ್ತು. "ಅಂದರೆ ಗುಣ, ಹರಿದಾಸರಿಗೆ ನಿಜವಾಗಿ ನಾನು ಬೇಕಾಗಿಲ್ಲ. ನೀನು ಹೇಳಿದ್ದಕ್ಕೆ ಕರೆದರು."

"ಯಾರು ಹೇಳಿದ್ದು ಬೇಕಾಗಿಲ್ಲ ಅಂತ? ಬಾಯಿ ಬಿಟ್ಟು ಕೇಳ್ಲಿಕ್ಕೆ ಅವ್ರಿಗೆ ಧೈರ್ಯ ಇರ್ಲಿಲ್ಲ, ನಾನು ಹೇಳಿಕೊಟ್ಟೆ. ಆ ಗ್ರಂಥಾಲಯದ ಅವಸ್ಥೆ ನಿಮಗೆ ಗೊತ್ತುಂಟಾ? ಮೈಸೂರಿನವರದ್ದು ಒಂದು ಗುಂಪು, ಧಾರವಾಡದವರದ್ದು ಒಂದು, ನಮ್ಮ ಮಂಗಳೂರು ಕಡೆಯವರದ್ದು ಒಂದು. ಮಕ್ಕಳದ್ದು ಬಿಟ್ರೆ ಮೂರು ಕಪಾಟು, ಮೂರು ಬೀಗ. ಇವರ ಪುಸ್ತಕ ಅವರು ಮುಟ್ಲಿಕ್ಕಿಲ್ಲ. ಪಾಪ ಹರಿದಾಸರು ಒಂದು ದೊಡ್ಡ ಮೇಜು ತಂದು ನಡುವೆ ಹಾಕಿದ್ದಾರೆ, ಅದರ ಹತ್ರ ಒಂದು ನರಪಿಳ್ಳೆ ಕೂರುದಿಲ್ಲ. ಕಾಫಿ ಕುಡಿಯುದೂ ಮೂರು ಮೂಲೆ..."

"ಮೂರು ಮೂಲೆಯಲ್ಲಿಯೇ?"

"ಹೌದು. ಈಗ ಐದು ಗಂಟೆಗೆ ಎಲ್ಲ ಬರ್ತಾರೆ, ಒಬ್ಬರ ಮುಖ ಒಬ್ಬರು..."

ರಘುರಾಮರು ಎದ್ದಾಗಿತ್ತು. ಮೊಳೆಯ ಮೇಲಿನ ಹಸಿರು ಚೀಲಕ್ಕೆ ಕೈ ಹಾಕಿದರು, ಒಳಗೆ ಗ್ರಂಥಾಲಯದ ಮೇಜಿಗೆಂದು ಅವಳು ಆರಿಸಿ ತಂದ ಗಂಟೆ ಇತ್ತು.

"ಅಯ್ಯೋ, ಇವತ್ತೇ ಎಂತಕ್ಕೆ? ಇನ್ನೂ ಒಂದು ತಿಂಗಳ ಮೇಲೆ ಉಂಟಲ್ಲ! ಕಾಫಿ ಪೂರ್ತಿ ಕುಡೀಲಿಲ್ಲ. ಮತ್ತೆ ಅಂಗಿಯ ಬೆನ್ನಿಗೆ ಅಂಗಡಿಯ ಚೀಟಿ ಹಾಗೇ ಉಂಟು, ಇವ್ರೇ, ಒಂದು ನಿಮಿಷ ನಿಲ್ಲಿ, ಇನ್ನೊಂದು ಮಾತು ಹೇಳ್ಲಿಕ್ಕುಂಟು, ಅಲ್ಲಿ ಧಾರವಾಡದವರ ಹತ್ರ ಮಾತ್ರ ನೀವು..."

ಚೀಲದೊಳಗಿನ ಗಂಟೆ ಟಿಣ್ ಟಿಣ್ ಎನ್ನುತ್ತಾ ಮೆಟ್ಟಿಲಿಳಿದುಹೋಯಿತು. ಗುಣವತಿ ಮೊಣಕಾಲು ಹಿಡಿದುಕೊಂಡು ಕಿಟಕಿಗೆ ಬಂದಳು. ತಿಳಿಗುಲಾಬಿ ಅಂಗಿಯ ಬೆನ್ನಿನಲ್ಲಿ ಬಿಳಿ ಚೀಟಿ ಹಾರಾಡುತ್ತಿತ್ತು.

"ಬಸ್ ಸ್ಟಾಪು ಎಡಗಡೆ!" ಎಂದು ಕೂಗಿದಳು.

ಬಲಗಡೆಗೆ ಹೊರಟಿದ್ದ ಕರ್ನಲ್ ರಘುರಾಮರು ನಿಂತರು. ಹಿಂದೆ ಯಾರಾದರೂ ಬರುತ್ತಿದ್ದಾರೆಯೇ ಎಂದು ಪರೀಕ್ಷಿಸಲೆಂದೇ ಹಾಗೆ ಹೋದವರಂತೆ ಬೀದಿಯ ಎರಡೂ ಕಡೆ ಗಂಭೀರವಾಗಿ ನೋಡಿ, ಎಡಕ್ಕೆ ತಿರುಗಿ ನಡೆದರು.